ಏರಿಯ ಬಲ ಕೋಡಿಯಲ್ಲಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡದೆ ಹಿಂದಿರುಗುವುದಿಲ್ಲ. ಅದನ್ನು ಕಟ್ಟಿಸಿದ ಮಹಮ್ಮದ್ ಆದಿಲ್ ಶಾಹನೇ ಮಾಡಿಸಿದ ಇನ್ನೊಂದು ದೊಡ್ಡ ಕೆಲಸವನ್ನು ನೋಡಲು ಮಾತ್ರ ಹೆಚ್ಚು ಜನ ಹೋಗುವುದಿಲ್ಲ. ನಗರದಿಂದ ನೈಋತ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ, ಈಗ ಬಬಲೇಶ್ವರ ತಾಲ್ಲೂಕಿಗೆ ಸೇರಿರುವ ಮಮದಾಪುರದಲ್ಲಿ ಅದು ಇದೆ. ದೊಡ್ಡ ಕೆರೆ, ಸಣ್ಣ ಕೆರೆ ಎಂದು ಎರಡು. ಊರಿನ ಹೆಸರಿನಲ್ಲೇ ದೊರೆಯ ಹೆಸರು ಕೂತಿದೆ. 1633ರ ಸುಮಾರಿಗೆ ಈ ಕೆರೆಗಳ ಕೆಲಸ ನಡೆಯಿತು. ಗೋಳಗುಮ್ಮಟದ ಮೊಳಗುವ ಗೋಡೆಯ ಬಗ್ಗೆ ನೂರು ಮಾತು ಹೇಳುವ ನಾವು ಮಮದಾಪುರದ ಏರಿಯ ಬಗ್ಗೆ ನಾಲ್ಕು ಮಾತೂ ಹೇಳುವುದಿಲ್ಲ. ಗುಮ್ಮಟ ಕಣ್ಣಿಗೆ ಕಟ್ಟಡವಾಗಿ ಕಾಣುತ್ತದೆ. ಏರಿ ಮಣ್ಣಿನ ದಿಬ್ಬವಾಗಿ ಕಾಣುತ್ತದೆ, ಅಷ್ಟೆ.

ಟಿಕೋಟಾ, ಬಬಲೇಶ್ವರದ ಕಡೆ ಬಸ್ಸಿನಲ್ಲಿ ಹೋಗುವಾಗ ಇಂಥ ದಿಬ್ಬಗಳು ಆಗಾಗ ಸಿಗುತ್ತವೆ. ಮೈತುಂಬ ಜಾಲಿ ಬೆಳೆದು, ನೆತ್ತಿಯ ಮೇಲೆ ಬಂಡಿ ಜಾಡು ಬಿದ್ದು, ಒಂದು ಮಗ್ಗುಲಲ್ಲಿ ಆಡುಗಳು ಮೇಯುತ್ತಿರುತ್ತವೆ. ಕೆಲವು ಕೆರೆಗಳು, ಕೆಲವು ಜಿನುಗು ಕೆರೆಗಳು, ಕೆಲವು ಹಳ್ಳಕ್ಕೆ ಅಡ್ಡ ಹಾಕಿದ ಬರೀ ಒಡ್ಡುಗಳು. ಇದು ಯಾತಕ್ಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮೇಲಿನ ಹೊಲದವರಿಗೆ ಮಣ್ಣು ಕೊಚ್ಚಿ ಹೋಗದಿರಲು, ಕೆಳಗಿನವರಿಗೆ ಬಾವಿಯಲ್ಲಿ ನೀರು ನಿಲ್ಲಲು, ಹಳ್ಳದ ದಂಡೆಯವರಿಗೆ ನೆರೆ ತಡೆಯಲು, ದನಗಾಹಿಗೆ ದನ ನೀರು ಕುಡಿಯಲು. ಎಲ್ಲ ಉತ್ತರವೂ ನಿಜವೇ. ತೊಡಕು ಹುಟ್ಟುವುದೂ ಅಲ್ಲಿಯೇ. ಒಂದೇ ಏರಿಯಿಂದ ಇಷ್ಟು ಕೆಲಸ ಬಯಸಿದಾಗ ಅವುಗಳಲ್ಲಿ ಕನಿಷ್ಠ ಎರಡು ಒಂದಕ್ಕೊಂದು ವಿರುದ್ಧವಾಗಿ ನಿಲ್ಲುತ್ತವೆ. ನೀರು ಕೂಡಿಡಬೇಕಾದರೆ ಕೆರೆ ತುಂಬಿರಬೇಕು. ನೆರೆ ತಡೆಯಬೇಕಾದರೆ ಕೆರೆ ಖಾಲಿ ಇರಬೇಕು.

ಈ ಸೀಮೆಯ ಮಳೆಯ ಗುಣವನ್ನು ಮೊದಲು ನೋಡಬೇಕು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಎಂದರೆ ಬರಗಾಲದ ನಾಡು ಎಂದೇ ಲೆಕ್ಕ. ಆದರೆ ಆ 600 ಮಿ.ಮೀ. ಹದವಾಗಿ ಹಂಚಿ ಬೀಳುವುದಿಲ್ಲ. ಜೂನ್, ಜುಲೈಗಳಲ್ಲಿ ಮುಗಿಲು ನೋಡಿ ನೋಡಿ ಕತ್ತು ನೋಯಿಸಿಕೊಂಡ ರೈತನ ಮೇಲೆ ಸೆಪ್ಟೆಂಬರ್ ಕೊನೆಯಲ್ಲಿ ಎರಡು ರಾತ್ರಿಯ ಮಳೆ ವರ್ಷದ ಬಾಕಿಯನ್ನೆಲ್ಲ ತಂದು ಸುರಿಯುವುದುಂಟು. ಎರೆ ಮಣ್ಣು ಮೊದಲ ಮಳೆಯನ್ನು ತನ್ನ ಬಿರುಕುಗಳಲ್ಲಿ ಕುಡಿದುಬಿಡುತ್ತದೆ. ಆಮೇಲೆ ಉಬ್ಬಿ, ಬಿರುಕು ಮುಚ್ಚಿಕೊಂಡು, ಮುಂದಿನ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹತ್ತು ಚದರ ಕಿ.ಮೀ. ಜಲಾನಯನವಿರುವ ಸಣ್ಣ ಹಳ್ಳವೊಂದನ್ನು ತೆಗೆದುಕೊಳ್ಳಿ. ಅದರ ಮೇಲೆ 100 ಮಿ.ಮೀ. ಮಳೆ ಬಿದ್ದು ಅರ್ಧ ಭಾಗ ಹರಿದು ಬಂದರೂ ಅದು 50 ಕೋಟಿ ಲೀಟರ್. ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡುವ ಹಳ್ಳದಲ್ಲಿ ಒಂದು ರಾತ್ರಿಗೆ ಅಷ್ಟು ನೀರು.

ಇಂಥ ಹಳ್ಳಗಳನ್ನೆಲ್ಲ ಕೂಡಿಕೊಂಡು ಹೋಗುವುದು ಡೋಣಿ. ಮಹಾರಾಷ್ಟ್ರದ ಜತ್ ಸೀಮೆಯಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾದು, ಸಾರವಾಡ, ತಾಳಿಕೋಟೆಗಳ ಮೇಲೆ ಹರಿದು ಕೃಷ್ಣೆಯನ್ನು ಸೇರುತ್ತದೆ. ನೀರು ಉಪ್ಪು, ದಂಡೆಯ ಎರೆ ಭೂಮಿ ಮಾತ್ರ ಚಿನ್ನ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಅದರಿಂದ. ಆದರೆ ಆ ಕಸುವಿನ ಮಣ್ಣು ದಂಡೆಗೆ ಬಂದದ್ದು ನೆರೆಯ ಜೊತೆಯಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆ ಬರದ ಜಿಲ್ಲೆಗಳನ್ನೇ ನೆರೆಯ ಜಿಲ್ಲೆಗಳನ್ನಾಗಿ ಮಾಡಿತು. ವಿಜಯಪುರವೂ ಅದರಲ್ಲಿ ಒಂದು.

ಆದಿಲ್ ಶಾಹಿಗಳಿಗೆ ನೀರು ಮುಖ್ಯವಾಗಿದ್ದದ್ದು ನೆರೆಯ ಭಯಕ್ಕಿಂತ ಬಾಯಾರಿಕೆಯ ಭಯದಿಂದ. ಕೃಷ್ಣೆ, ಭೀಮೆ ಎರಡೂ ದೂರ. ರಾಜಧಾನಿ ಮಾತ್ರ ಬೆಳೆಯುತ್ತಲೇ ಇತ್ತು. ಟಿಕೋಟಾ ರಸ್ತೆಯಲ್ಲಿರುವ ತೊರವಿಯಿಂದ ಸುರಂಗದಲ್ಲಿ ನೀರು ತಂದರು. 1620ರಲ್ಲಿ ಎರಡನೆಯ ಇಬ್ರಾಹಿಂ ತಾಜ್ ಬಾವಡಿ ತೋಡಿಸಿದ. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಊರಿನ ದಕ್ಷಿಣಕ್ಕೆ ಜಹಾನ್ ಬೇಗಂ ಹೆಸರಿನಲ್ಲಿ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ಒತ್ತಡ ತಗ್ಗಿಸಲು, ಹೂಳು ತಳಕ್ಕಿಳಿಯಲು ಗಂಜ್ ಎಂಬ ಗೋಪುರಗಳು. ಅವುಗಳಲ್ಲಿ ಕೆಲವು ಈಗಲೂ ಮನೆ, ಅಂಗಡಿಗಳ ನಡುವೆ ಒಂಟಿಯಾಗಿ ನಿಂತಿವೆ. ಅದು ಏನೆಂದು ಪಕ್ಕದ ಅಂಗಡಿಯವರಿಗೆ ಕೇಳಿದರೆ ಕಾವಲು ಬುರುಜು ಇರಬೇಕು ಎನ್ನುತ್ತಾರೆ.

ಕೆರೆಯ ಏರಿ ಎಂದರೆ ಬರೀ ಒಕ್ಕಲುತನದ ಮಾತಲ್ಲ ಎಂಬುದು ಇದೇ ಊರಿಗೆ 1665ರ ಕೊನೆಯಲ್ಲಿ ತಿಳಿಯಿತು. ಮೊಗಲರ ಸೇನಾಪತಿ ಮಿರ್ಜಾ ರಾಜಾ ಜೈಸಿಂಗ್ ದಂಡೆತ್ತಿ ಬಂದ. ಪುರಂದರದ ಒಪ್ಪಂದ ಆಗಿ ಕೆಲವೇ ತಿಂಗಳಾಗಿತ್ತು. ಶಿವಾಜಿಯೂ ಆ ದಂಡಿನಲ್ಲಿದ್ದ. ಎರಡನೆಯ ಅಲಿ ಆದಿಲ್ ಶಾಹನ ಕಡೆಯವರು ಕೋಟೆಯ ತೋಪುಗಳನ್ನು ಸಜ್ಜು ಮಾಡಿದ್ದಲ್ಲದೆ ಊರ ಹೊರಗಿನ ನವರಸಪುರ, ಶಹಾಪುರದ ಕೆರೆಗಳನ್ನು ಖಾಲಿ ಮಾಡಿದರು. ಸುತ್ತಲಿನ ಬಾವಿಗಳನ್ನು ಕೆಡಿಸಿದರು. ಊರಿನಿಂದ ಕೆಲವೇ ಹರಿದಾರಿ ದೂರದವರೆಗೆ ಬಂದ ಮೊಗಲ ದಂಡಿಗೆ ನೀರಿಲ್ಲ, ಮೇವಿಲ್ಲ. 1666ರ ಜನವರಿಯ ಮೊದಲ ವಾರದಲ್ಲಿ ಜೈಸಿಂಗ್ ಹಿಂದೆ ಸರಿದ. ರಾಜಧಾನಿಯನ್ನು ಆ ಸಲ ಕಾಯ್ದದ್ದು ಕೋಟೆಯ ಗೋಡೆಯಷ್ಟೇ ಬರಿದಾದ ಕೆರೆಗಳೂ ಹೌದು. ಇಪ್ಪತ್ತು ವರ್ಷ ಕಳೆದು, 1686ರಲ್ಲಿ ಔರಂಗಜೇಬನೇ ಬಂದು ಕೂತಾಗ ಅದೂ ಉಳಿಸಲಿಲ್ಲ. ರಾಜ್ಯ ಹೋಯಿತು, ಊರು ಖಾಲಿಯಾಗುತ್ತ ಬಂತು, ಏರಿಗೆ ಮಣ್ಣು ಹಾಕಿಸುವವರು ಇಲ್ಲವಾದರು.

ಏರಿಗೆ ವರ್ಷಕ್ಕೊಮ್ಮೆ ಮಣ್ಣು ಹಾಕಬೇಕು ಎಂಬುದು ನಮ್ಮ ಹಿಂದಿನವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಕೆರೆ ಕಟ್ಟಿಸಿದವರು ಅದರ ದುರಸ್ತಿಗೆ ಭೂಮಿಯನ್ನೂ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಇದನ್ನೇ ಹೇಳುತ್ತವೆ. ಹೂಳು, ಮಣ್ಣು ಸಾಗಿಸುವ ಬಂಡಿಗೂ ದತ್ತಿ ಇರುತ್ತಿತ್ತು. ಕೆರೆಗೆ ಕಟ್ಟಿದ ದಿನ ಒಂದು ಖರ್ಚು, ಆಮೇಲೆ ಪ್ರತಿ ವರ್ಷ ಒಂದು ಖರ್ಚು ಎಂಬ ಲೆಕ್ಕ ಅದು.

ಕಟ್ಟುವ ಶಾಸ್ತ್ರವನ್ನೇ ಕಲ್ಲಿನ ಮೇಲೆ ಬರೆಸಿದ ಉದಾಹರಣೆ ನಮ್ಮ ಪಕ್ಕದ ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ. ಸಾವಿರ ಆಳುಗಳು ಎರಡು ವರ್ಷ ದುಡಿದು ಆ ಕೆರೆ ಕಟ್ಟಿದರಂತೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆಗಬಾರದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಸವಳು ನೆಲ ಇನ್ನೊಂದು. ಭೂಮಿ ಬಹಳ, ನೀರು ಕಡಿಮೆ ಆಗುವುದು ಹೇಗೆ ದೋಷವೋ, ಜಾಗ ಕಿರಿದಾಗಿ ನೀರು ಅತಿಯಾಗುವುದೂ ಹಾಗೆಯೇ ದೋಷ. ಅಂಗಗಳ ಪಟ್ಟಿಯಲ್ಲಿ ಎರಡು ಗುಡ್ಡಗಳ ನಡುವೆ ಗಟ್ಟಿಯಾದ, ಅತಿ ಉದ್ದವಲ್ಲದ ಏರಿ ಬೇಕು ಎಂದಿದೆ. ಈ ಪಟ್ಟಿಯನ್ನು ಹಿಡಿದು ಟಿಕೋಟಾ, ಬಬಲೇಶ್ವರದ ಬಯಲಿಗೆ ಬಂದರೆ ತಲೆ ಕೆರೆದುಕೊಳ್ಳಬೇಕು. ಇಲ್ಲಿ ಒತ್ತೊತ್ತಿನ ಗುಡ್ಡಗಳಿಲ್ಲ. ನೆಲ ಅಲೆಅಲೆಯಾಗಿ ಹರಡಿದೆ. ಸವಳು ಬೇಕಾದಷ್ಟಿದೆ. ಹಾಗಾಗಿ ಏರಿ ಎತ್ತರ ಕಡಿಮೆಯಾಗಿ ಉದ್ದ ಹೆಚ್ಚಾಗದೆ ಗತ್ಯಂತರವಿಲ್ಲ. ಏರಿ ಉದ್ದವಾದಷ್ಟೂ ಕಾಯಬೇಕಾದ ಜಾಗ ಹೆಚ್ಚು. ಮಮದಾಪುರದಂಥ ಕಡೆ ಮಣ್ಣಿಗೆ ಕಲ್ಲಿನ ಆಸರೆ ಕೊಟ್ಟದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಮಣ್ಣಿನ ಏರಿ ಒಡೆಯುವುದು ಹೇಗೆ? ನೀರಿನ ಭಾರ ತಡೆಯದೆ ಗೋಡೆಯಂತೆ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗುವುದು ಅಪರೂಪ. ಮಣ್ಣಿನ ಏರಿಗಳ ಸಾವಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ನೆತ್ತಿಯ ಮೇಲೆ ನೀರು ಹತ್ತಿ ಆಚೆಗೆ ಧುಮುಕುವುದರಿಂದ ಆಗುತ್ತದೆ. ಕಲ್ಲಿನ ಅಣೆಕಟ್ಟಿನ ಮೇಲೆ ನೀರು ಹರಿದರೆ ನೋಡಲು ಜನ ಸೇರುತ್ತಾರೆ. ಮಣ್ಣಿನ ಏರಿಯ ಮೇಲೆ ಹರಿದರೆ ಕೆಲವೇ ತಾಸಿನಲ್ಲಿ ಏರಿಯೇ ಇರುವುದಿಲ್ಲ. ಹೊರ ಮಗ್ಗುಲಿನ ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕೊರೆದು, ಆ ಕೊರಕಲು ಹಿಂದೆ ಹಿಂದೆ ಸರಿದು ನೆತ್ತಿಯನ್ನು ಮುಟ್ಟಿದ ಮೇಲೆ ಯಾವ ಮರಳಿನ ಚೀಲವೂ ನಿಲ್ಲುವುದಿಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿ ಪಟ್ಟಣವನ್ನು ಹಾಳುಗೆಡವಿದ ಮಚ್ಛು ಅಣೆಕಟ್ಟಿನಲ್ಲಿ ನಡುವಿನ ಕಲ್ಲಿನ ಭಾಗ ನಿಂತಿತು, ಇಬ್ಬದಿಯ ಮಣ್ಣಿನ ಏರಿಗಳು ಹೋದವು.

ಇದಕ್ಕೆ ಇರುವ ಔಷಧ ಒಂದೇ: ಕೋಡಿ. ಏರಿಯ ಒಂದು ತುದಿಯಲ್ಲಿ, ನೆತ್ತಿಗಿಂತ ಸಾಕಷ್ಟು ತಗ್ಗಿನಲ್ಲಿ, ಗಟ್ಟಿ ನೆಲದ ಮೇಲೆ ಹೆಚ್ಚಿನ ನೀರು ಹೊರಹೋಗಲು ಬಿಟ್ಟ ದಾರಿ. ಕೋಡಿ ಬಿದ್ದಿತು ಎಂದರೆ ನಮ್ಮಲ್ಲಿ ಸಂತೋಷದ ಸುದ್ದಿ; ಬಾಗಿನ ಬಿಡುತ್ತಾರೆ. ಎಂಜಿನಿಯರಿಗೆ ಅದು ಕೆರೆಯ ಪರೀಕ್ಷೆಯ ದಿನ. ಎಷ್ಟು ದೊಡ್ಡ ನೆರೆಗೆ ಕೋಡಿ ಅಗಲ ಮಾಡಬೇಕು ಎಂಬುದಕ್ಕೆ ನಿಯಮಗಳಿವೆ. ಸಣ್ಣ ಅಣೆಕಟ್ಟುಗಳಿಗೆ ನೂರು ವರ್ಷಕ್ಕೊಮ್ಮೆ ಬರುವ ನೆರೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಮಾತು ಜನರನ್ನು ಮೋಸ ಮಾಡುತ್ತದೆ. ಅಂಥ ನೆರೆ 2009ರಲ್ಲಿ ಬಂತು, ಇನ್ನು 2109ಕ್ಕೆ ನೋಡೋಣ ಎಂದಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ನೂರಕ್ಕೆ ಒಂದು. ಮೂವತ್ತು ವರ್ಷ ಬಾಳುವ ಕೆರೆಗೆ ಆ ಅವಧಿಯಲ್ಲಿ ಒಮ್ಮೆಯಾದರೂ ಅದು ಎದುರಾಗುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು.

ಹೀಗಿದ್ದರೂ ಏರಿಯಷ್ಟು ಮರ್ಯಾದೆ ಕೋಡಿಗೆ ಸಿಗುವುದಿಲ್ಲ. ವರ್ಷಗಟ್ಟಲೆ ನೀರು ಕಾಣದ ಕೋಡಿ ಬರೀ ಬಯಲು ಜಾಗ. ಅಲ್ಲಿ ತಿಪ್ಪೆ ಬೀಳುತ್ತದೆ, ಕಣ ಆಗುತ್ತದೆ, ಯಾರೋ ಎರಡು ಸಾಲು ಜೋಳ ಬಿತ್ತುತ್ತಾರೆ, ಗುಡಿಸಲು ಏಳುತ್ತದೆ. ಇನ್ನು ಕೆಲವು ಕಡೆ ಕೆರೆಯಲ್ಲಿ ಒಂದಡಿ ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಗೆ ಕಲ್ಲು, ಮಣ್ಣಿನ ಚೀಲ ಒಟ್ಟುತ್ತಾರೆ. ಮೀನು ಹೋಗದಿರಲಿ ಎಂದು ಬಲೆ ಕಟ್ಟುತ್ತಾರೆ. ಇದೇನು ನಮ್ಮವರ ದಡ್ಡತನ ಎಂದುಕೊಳ್ಳಬೇಕಾಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟಿತ್ತು. ಅದನ್ನು ಕೊಂಡ ಸಿರಿವಂತರ ಕ್ಲಬ್ಬು ಗಾಡಿಗಳು ಓಡಾಡಲೆಂದು ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿತು, ಸಾಕಿದ ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿತು. ತಳದ ತೂಬಿನ ಕೊಳವೆಗಳು ಅದಕ್ಕೂ ಮೊದಲೇ ಕಿತ್ತುಹೋಗಿದ್ದವು. 1889ರ ಮೇ 31ರ ಮಳೆಗೆ ಜಾಲರಿಯಲ್ಲಿ ಕಸ ಸಿಕ್ಕಿಕೊಂಡು ನೀರು ನೆತ್ತಿಗೆ ಹತ್ತಿತು. ಕೆಳಗಿನ ಜಾನ್ಸ್‌ಟೌನ್ ಊರಿನಲ್ಲಿ 2,209 ಜನ ಸತ್ತರು.

ಎರಡನೆಯ ಸಾವು ಒಳಗಿನಿಂದ ಬರುತ್ತದೆ. ಯಾವ ಮಣ್ಣಿನ ಏರಿಯೂ ಪೂರ್ತಿ ಸೋರದೆ ಇರುವುದಿಲ್ಲ. ಸೋರುವ ನೀರು ತನ್ನ ಜೊತೆ ಮಣ್ಣಿನ ಕಣ ಹೊತ್ತು ತರಲು ಶುರುಮಾಡಿದರೆ ಒಳಗೆ ಕೊಳವೆಯೊಂದು ಹುಟ್ಟಿ, ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ. ನಮ್ಮ ಸೀಮೆಯಲ್ಲಿ ಏರಿಯ ಒಡಲಿಗೆ ನೀರು ತಡೆಯುವ ಎರೆ ಮಣ್ಣು, ಮೇಲೆ ಹೊದಿಕೆಗೆ ಗರಸು ಹಾಕುವುದು ವಾಡಿಕೆ. ಒಳ್ಳೆಯ ಜೋಡಿ ಅದು. ಆದರೆ ಹೊದಿಕೆ ಕೊಚ್ಚಿಹೋಗಿ ಎರೆ ಮಣ್ಣು ಬಿಸಿಲಿಗೆ ಬಿದ್ದರೆ ಹೊಲದಲ್ಲಿ ಬಾಯಿ ಬಿಟ್ಟಂತೆ ಏರಿಯಲ್ಲೂ ಬಾಯಿ ಬಿಡುತ್ತದೆ. ಜಾಲಿ ಮರ ಏರಿಯನ್ನು ಹಿಡಿದು ನಿಲ್ಲಿಸಿದೆ ಎಂದು ಹೇಳುವವರಿದ್ದಾರೆ. ಬದುಕಿರುವಾಗ ಹೌದೆನ್ನಿ, ಮರ ಸತ್ತ ಮೇಲೆ ಅದರ ಬೇರು ಕೊಳೆತ ಜಾಗವೇ ನೀರಿಗೆ ಸಿದ್ಧವಾದ ದಾರಿ. ಇಲಿ, ಹೆಗ್ಗಣಗಳ ಬಿಲವೂ ಹಾಗೆಯೇ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣ ಮಣ್ಣಿನ ಅಣೆಕಟ್ಟೊಂದು ಒಡೆದು ಸುಮಾರು 20 ಜನ ಸತ್ತರು. ಕಟ್ಟಿ ಎರಡು ದಶಕವೂ ಆಗಿರಲಿಲ್ಲ. ಏಡಿಗಳು ಕೊರೆದು ಸೋರಿಕೆ ಹೆಚ್ಚಾಯಿತು ಎಂದು ಆ ರಾಜ್ಯದ ಅಂದಿನ ಜಲಸಂರಕ್ಷಣಾ ಸಚಿವರು ಹೇಳಿದರು. ನಾಡೇ ನಕ್ಕಿತು. ಏಡಿಗಳನ್ನು ಬಂಧಿಸಿ ಎಂದು ಪ್ರತಿಭಟನೆಯೂ ನಡೆಯಿತು. ಏರಿಗೆ ಬಿಲ ಕೇಡು ಎಂಬ ಮಾತಿನಲ್ಲಿ ತಪ್ಪಿಲ್ಲ. ಆದರೆ ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಆ ಪ್ರಶ್ನೆಗೆ ಏಡಿ ಉತ್ತರವಲ್ಲ.

ಇನ್ನು ನೆರೆ ತಡೆಯುವುದಕ್ಕೆಂದೇ ಕಟ್ಟಿದ ಏರಿ ಹೇಗಿರಬೇಕು? ಅಮೆರಿಕದ್ದೇ ಓಹಾಯೊ ಪ್ರಾಂತದ ಡೇಟನ್ ನಗರ 1913ರ ಮಾರ್ಚಿನಲ್ಲಿ ಮುಳುಗಿತು. ಆಮೇಲೆ ಅಲ್ಲಿನ ಜನ ತಾವೇ ಹಣ ಕೂಡಿಸಿ, ಆರ್ಥರ್ ಮಾರ್ಗನ್ ಎಂಬ ಎಂಜಿನಿಯರನ ಮುಂದಾಳುತನದಲ್ಲಿ 1922ರ ವೇಳೆಗೆ ಐದು ದೊಡ್ಡ ಮಣ್ಣಿನ ಅಣೆಕಟ್ಟು ಕಟ್ಟಿಸಿದರು. ಅವುಗಳ ಹಿಂದೆ ಸರೋವರವಿಲ್ಲ! ತಳದಲ್ಲಿ ಬಾಗಿಲಿಲ್ಲದ ಕಂಡಿಗಳು. ಮಾಮೂಲು ದಿನ ನದಿ ಅದರೊಳಗೆ ತನ್ನ ಪಾಡಿಗೆ ಹರಿದು ಹೋಗುತ್ತದೆ. ನೆರೆ ಬಂದಾಗ ಕಂಡಿ ಬಿಡುವಷ್ಟು ಮಾತ್ರ ಹೊರಹೋಗಿ ಉಳಿದದ್ದು ಹಿಂದೆ ನಿಂತು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಉಳಿದ ದಿನ ಅಲ್ಲಿ ಬೇಸಾಯ. ಡೇಟನ್ ಆಮೇಲೆ ಹಾಗೆ ಮುಳುಗಿಲ್ಲ. ಇಂಥ ಒಣ ಅಣೆಕಟ್ಟನ್ನು ನಮ್ಮ ರೈತನ ಮುಂದೆ ಇಟ್ಟರೆ, ನೀರು ನಿಲ್ಲದ ಕೆರೆಯನ್ನು ಯಾಕೆ ಕಟ್ಟಿದಿರಿ ಎಂದು ಆತ ಕೇಳುವುದು ಖಂಡಿತ. 600 ಮಿ.ಮೀ. ಮಳೆಯ ನಾಡಿನಲ್ಲಿ ಆ ಪ್ರಶ್ನೆ ತಪ್ಪಲ್ಲ.

ಹಾಗಾಗಿ ನಮ್ಮಲ್ಲಿ ಬೇರೆ ದಾರಿ ಬೆಳೆಯಿತು. 1876ರಿಂದ 1878ರ ಬರಗಾಲ ಈ ಜಿಲ್ಲೆಯನ್ನು ಅಲುಗಿಸಿತು. 1933ರಲ್ಲಿ ವಿಜಯಪುರದಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾಯಿತು. 1942ರಲ್ಲಿ ಮುಂಬಯಿ ಸರಕಾರ ಭೂ ಸುಧಾರಣಾ ಯೋಜನೆಗಳ ಕಾಯಿದೆ ತಂದು ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿಸಲು ಶುರುಮಾಡಿತು. ನೀರನ್ನು ಹಳ್ಳಕ್ಕೆ ಬರುವ ಮುಂಚೆ ಹೊಲದಲ್ಲಿಯೇ ತಡೆಯುವ ಉಪಾಯ ಇದು. ಅದರ ಕೆಳಗೆ ನಾಲಾ ಬದು, ಅದರ ಕೆಳಗೆ ಜಿನುಗು ಕೆರೆ. ಮಳೆಗಾಲಕ್ಕೆ ಮುಂಚೆ ಇವೆಲ್ಲ ತಾವಾಗಿಯೇ ಒಣಗಿರುತ್ತಿದ್ದವು. ಬರವೇ ಇವನ್ನು ಖಾಲಿ ಮಾಡಿ ಇಡುತ್ತಿತ್ತು. ಯಾರೂ ಬಯಸದೆಯೇ ನಮ್ಮ ಕೆರೆಗಳು ಬಹುಮಟ್ಟಿಗೆ ನೆರೆ ತಡೆಯುವ ಕೆರೆಗಳೂ ಆಗಿದ್ದವು.

ಈಗ ಆ ಲೆಕ್ಕ ಬದಲಾಗಿದೆ. 2013ರಿಂದ ಈಚೆಗೆ ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಮೇಲಕ್ಕೆ ಬಂದು ಈ ಭಾಗದ ಹಳೆಯ ಕೆರೆಗಳನ್ನು ತುಂಬುತ್ತಿದೆ. ಬೇಗಂ ತಲಾಬ್, ಭೂತನಾಳ, ಮಮದಾಪುರದ ಕೆರೆಗಳಲ್ಲಿ ನೀರು ನಿಂತದ್ದನ್ನು ಕಂಡು ಹಿರಿಯರು ಕಣ್ಣೀರು ಹಾಕಿದ್ದರೆ ಆಶ್ಚರ್ಯವಿಲ್ಲ. ಬಾವಿಗಳು ಸೆಲೆತಿವೆ, ಕಬ್ಬು, ದ್ರಾಕ್ಷಿ ನಗುತ್ತಿವೆ. ಇದಕ್ಕಿಂತ ದೊಡ್ಡ ಉಪಕಾರ ಈ ಸೀಮೆಗೆ ಇನ್ನೊಂದಿಲ್ಲ. ಆದರೆ ಏರಿಯ ಕಡೆಯಿಂದ ನೋಡಿದರೆ ಎರಡು ಸಂಗತಿಗಳಾಗಿವೆ. ಹತ್ತಾರು ವರ್ಷ ಒಣಗಿ ಬಿರಿದ ಏರಿ ಒಮ್ಮೆಗೇ ತುಂಬಿದ ನೀರಿಗೆ ಒಡ್ಡಿಕೊಂಡಿದೆ. ಮಣ್ಣಿನ ಏರಿಗೆ ಮೊದಲ ತುಂಬುವಿಕೆಯೇ ಅತಿ ಅಪಾಯದ ಕಾಲವೆಂದು ಎಂಜಿನಿಯರರು ಹೇಳುತ್ತಾರೆ, ಬಹುಕಾಲ ಒಣಗಿದ್ದು ತುಂಬುವುದೂ ಅದಕ್ಕೆ ಸಮವೇ. ಎರಡನೆಯದು, ಸೆಪ್ಟೆಂಬರಿನ ಆ ಎರಡು ರಾತ್ರಿಯ ಮಳೆ ಬರುವ ಹೊತ್ತಿಗೆ ಕೆರೆ ನದಿಯ ನೀರಿನಿಂದ ತುಂಬಿಯೇ ಇದ್ದರೆ, ಹಳ್ಳದ ನೀರಿಗೆ ಜಾಗವಿಲ್ಲ. ಆಗ ಬಂದದ್ದೆಲ್ಲ ಕೋಡಿಯ ಮೇಲೆಯೇ. ಆ ಜಾಲಿ, ಆ ತಿಪ್ಪೆ, ಆ ಗುಡಿಸಲು ಇರುವ ಕೋಡಿಯ ಮೇಲೆ.

2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದವುಗಳಿಗೆ, ಉದ್ದ, ಸಂಗ್ರಹ ಮುಂತಾದವು ಗೊತ್ತಾದ ಮಿತಿ ದಾಟಿದ್ದರೆ 10 ಮೀಟರಿನಿಂದ ಮೇಲಿನವುಗಳಿಗೆ ಅನ್ವಯಿಸುತ್ತದೆ. ಟಿಕೋಟಾ, ಬಬಲೇಶ್ವರದ ಬಯಲಿನ ತಗ್ಗು ಏರಿಗಳು ಬಹುಪಾಲು ಆ ಅಳತೆಗೆ ಸಿಗುವುದಿಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆಯಾದರೆ ಪಂಚಾಯತಿ ವ್ಯವಸ್ಥೆ ಎಂದು ಹೊಣೆ ಹಂಚಿದೆ. ಆದರೆ ಮಳೆಗಾಲದ ಮುಂಚೆ ಒಮ್ಮೆ, ಕೋಡಿ ಬಿದ್ದ ಮೇಲೆ ಒಮ್ಮೆ ಏರಿಯ ಕೆಳಬದಿಯ ಬುಡದಲ್ಲಿ ನಡೆದು ನೋಡಲು ಯಾವ ಇಲಾಖೆಯೂ ಬೇಕಿಲ್ಲ. ನೋಡಬೇಕಾದದ್ದು ಬಹಳವಿಲ್ಲ. ನೆತ್ತಿ ಎಲ್ಲಿಯಾದರೂ ಕುಸಿದು ತಗ್ಗಾಗಿದೆಯೇ, ಬಿರುಕು ಉದ್ದಕ್ಕಿದೆಯೇ ಅಡ್ಡಕ್ಕಿದೆಯೇ, ಕೋಡಿಯ ಮುಂದಿನ ದಾರಿ ಬಿಡುವಾಗಿದೆಯೇ, ಬುಡದಲ್ಲಿ ಹೊಸದಾಗಿ ಜೊಂಡು ಹಸಿರಾಗಿದೆಯೇ. ಬುಡದಲ್ಲಿ ಜಿನುಗುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲುಗಿಸದೆ ಇಡಬೇಕು. ತಿಳಿಯಾಗಿಯೇ ಉಳಿದರೆ ಅದು ಏರಿಯ ಬೆವರು. ತಳದಲ್ಲಿ ಮಣ್ಣು ಕೂತರೆ ಅದು ಏರಿಯದೇ ಮಣ್ಣು. ಆ ದಿನವೇ ತೂಬು ತೆಗೆದು ನೀರು ಇಳಿಸಲು ಹೇಳಿಕಳಿಸಬೇಕು. ಅದೂ ಮೆಲ್ಲಗೆ, ಏಕೆಂದರೆ ಒಮ್ಮೆಗೇ ನೀರು ಇಳಿಸಿದರೆ ಒಳ ಮಗ್ಗುಲಿನ ನೆನೆದ ಮಣ್ಣು ಜಾರುತ್ತದೆ.